ನಮ್ಮ ಮದ್ರಾಸ್ ಪ್ರತಿನಿಧಿಯಿಂದ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಂಪ್ಯೂಟರಿನ ಮುಂದೆ ಕೂತ ತಿರುಮಲನಿಗೆ ಅಂತರ್ಜಾಲದ ವಿಶ್ವಕೋಶದ ಚರ್ಚೆಯ ಪುಟದಲ್ಲಿ ಮೊದಲು ಕಂಡದ್ದು ಕಾಗುಣಿತದ ತಪ್ಪುಗಳು. ‘ಓದುತ್ತಾಳೆ’ ಎನ್ನಬೇಕಾದಲ್ಲಿ ‘ಓದುತ್ತಾಲೆ’, ‘ಹೇಳಿ’ ಎನ್ನಬೇಕಾದಲ್ಲಿ ‘ಹೆಳಿ’. ಇಪ್ಪತ್ತೆಂಟು ವರ್ಷ ಪಠ್ಯಪುಸ್ತಕಗಳ ಕರಡು ತಿದ್ದಿದ ಕಣ್ಣು. ಎದುರಿಗಿರುವುದು ಹಾರೈಕೆಯೋ ಬೈಗುಳವೋ ಎಂದು ಬುದ್ಧಿಗೆ ತಿಳಿಯುವುದರೊಳಗೆ ಅದು ತನ್ನ ಕೆಲಸ ಮುಗಿಸಿರುತ್ತಿತ್ತು. ಎರಡನೆಯ ಸಲ ಓದಿದಾಗ ಬೈಗುಳವೆಂದು ಗೊತ್ತಾಯಿತು. ಮೂರನೆಯ ಸಲ, ಬರೀ ಬೈಗುಳವಲ್ಲ, ಇದು ತನ್ನನ್ನು ಕರೆಯುತ್ತಿದೆ ಎಂದು. ‘ನೀವು ಯಾರು? ನಮ್ಮ ಅಮ್ಮ ದಿನಾ ಈ ಪುಟ ಓದುತ್ತಾಲೆ. ನಾನು ತೆಗೆದ ಸುಳ್ಳನ್ನು ನೀವು ದಿನಾ ತಿರುಗಿ ತಂದು ಇಡುತ್ತೀರಿ. ಧೈರ್ಯ ಇದ್ದರೆ ಮನೆಗೆ ಬಂದು ಅವಳ ಮುಖ ನೋಡಿ ಹೆಳಿ.’ ಕೆಳಗೆ ಇದೇ ಚೆನ್ನೈನ ಬೆಸೆಂಟ್ ನಗರದ ವಿಳಾಸ, ಮನೆ ನಂಬರು, ಮೂರನೇ ಮಹಡಿ. ಕೊನೆಯಲ್ಲಿ ಹೆಸರು, ಬಿಂದು. ಯಾರು ಬೇಕಾದರೂ ನೋಡಬಹುದಾದ ಪುಟದಲ್ಲಿ ಮನೆಯ ವಿಳಾಸ ಇರಬಾರದೆಂಬುದು ನಿಯಮ. ತಿರುಮಲ ಅದನ್ನು ಕೂಡಲೇ ಅಳಿಸಿದ. ಕಾರಣದ ಜಾಗದಲ್ಲಿ ‘ಖಾಸಗಿ ವಿವರ’ ಎಂದು ಬರೆದ. ಆಮೇಲೆ, ಅಳಿಸುವ ಮೊದಲೇ ತನ್ನ ಕೈ ಆ ವಿಳಾಸವನ್ನು ದಿನದರ್ಶಿಯ ನಿನ್ನೆಯ ಹಾಳೆಯ ಹಿಂದೆ ಬರೆದುಕೊಂಡಿರುವುದನ್ನು ಬೇರೆ ಯಾರದೋ ಕೈ ನೋಡುವಂತೆ ನೋಡಿದ.

ನಿವೃತ್ತನಾದ ಮೇಲಿನ ಆರು ವರ್ಷಗಳಲ್ಲಿ ಇದೇ ಅವನ ಬೆಳಗು. ಅಂತರ್ಜಾಲದ ಆ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅವನು ಆರಿಸಿಕೊಂಡದ್ದು ಕನ್ನಡದ ಕ್ರೀಡಾಪಟುಗಳ ಪುಟಗಳನ್ನು. ಅಭಿಮಾನಿಗಳು ಬಂದು ‘ಚಿನ್ನದ ಜಿಂಕೆ’, ‘ನಾಡಿನ ಹೆಮ್ಮೆಯ ಕುವರಿ’ ಎಂದೆಲ್ಲ ಬರೆದು ಹೋಗುತ್ತಿದ್ದರು. ಅವನು ಜಿಂಕೆಯನ್ನೂ ಹೆಮ್ಮೆಯನ್ನೂ ತೆಗೆದು ಊರು, ಹುಟ್ಟಿದ ವರ್ಷ, ದೂರ, ಸಮಯ ಇಷ್ಟನ್ನು ಉಳಿಸುತ್ತಿದ್ದ. ‘ಇಡೀ ದೇಶ ಕಣ್ಣೀರಿಟ್ಟಿತು’ ಎಂದಿದ್ದರೆ ಪಕ್ಕದಲ್ಲಿ ‘ಮೂಲ ಬೇಕು’ ಎಂದು ಬರೆದು ಮೂರು ವಾರ ಕಾದು ಅಳಿಸುತ್ತಿದ್ದ. ಅಲ್ಲಿ ಅವನ ಹೆಸರು ದಾರಿಹೋಕ. ಅವನು ಕಾದ ಪುಟಗಳಲ್ಲಿ ಓಡುವವರಿಗೆ ಬೆವರಿರಲಿಲ್ಲ, ಮುಖವಿರಲಿಲ್ಲ. ಕಣ್ಣು ಮುಚ್ಚಿದರೆ ಸುಣ್ಣದ ಗೆರೆಗಳ ನಡುವೆ ಬಿಳೀ ಆಕೃತಿಗಳು ಸದ್ದಿಲ್ಲದೆ ಸುತ್ತುತ್ತಿದ್ದವು, ಪ್ರತಿಯೊಂದರ ಹಿಂದೆಯೂ ಒಂದು ಸಣ್ಣ ಅಂಕಿ ನೆರಳಿನಂತೆ ಓಡುತ್ತಿತ್ತು. ಆ ನಿಶ್ಶಬ್ದ ಅವನಿಗೆ ಇಷ್ಟವಾಗಿತ್ತು. ಬೆಳಗಿನ ಅಣ್ಣಾ ನಗರದಲ್ಲಿ ಕೊಬ್ಬರಿ ಎಣ್ಣೆ ಮಾರುವವನ ಧ್ವನಿವರ್ಧಕ ಹಾದುಹೋಗುವಾಗಲೂ ಅದು ಒಡೆಯುತ್ತಿರಲಿಲ್ಲ.

ಆದರೆ ಉಮಾಮಹೇಶ್ವರಿಯ ಪುಟ ಹಾಗಿರಲಿಲ್ಲ. ಹನ್ನೊಂದೇ ವಾಕ್ಯಗಳ ಪುಟ. ಕೊಟ್ಟೂರಿನ ಕಡೆಯ ಹುಡುಗಿ, ಎಂಟುನೂರು ಮೀಟರ್ ಓಟ, ಎರಡು ರಾಜ್ಯದಾಖಲೆ. ಒಂಬತ್ತನೆಯ ವಾಕ್ಯ ಹೀಗಿತ್ತು: ‘೧೯೮೯ರ ಮದ್ರಾಸ್ ಅಂತರರಾಜ್ಯ ಕೂಟದಲ್ಲಿ ಎಲ್ಲರಿಗಿಂತ ಮುಂದಿದ್ದ ಅವರು ಕೊನೆಯ ತಿರುವಿನಲ್ಲಿ ಗಾಯದ ನೆಪ ಹೂಡಿ ಓಟ ನಿಲ್ಲಿಸಿದರು.’ ಅದಕ್ಕೊಂದು ಅಡಿಟಿಪ್ಪಣಿ. ಎಂದೋ ನಿಂತುಹೋದ ಬೆಂಗಳೂರಿನ ಒಂದು ಕನ್ನಡ ಪತ್ರಿಕೆಯ ವರದಿ. ಯಾವುದೋ ಗ್ರಂಥಾಲಯ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಹಾಕಿತ್ತು, ಯಾರೋ ಎರಡು ವರ್ಷದ ಹಿಂದೆ ಅಲ್ಲಿಂದ ಎತ್ತಿ ತಂದಿದ್ದರು. ವರದಿಗೆ ಹೆಸರಿಲ್ಲ; ಮೇಲ್ಗಡೆ ‘ನಮ್ಮ ಮದ್ರಾಸ್ ಪ್ರತಿನಿಧಿಯಿಂದ’ ಎಂದಷ್ಟೇ. ಕಳೆದ ಒಂದು ತಿಂಗಳಿಂದ ಬಿಂದು ಎನ್ನುವವಳು ದಿನಾ ಬಂದು ಆ ವಾಕ್ಯವನ್ನು ಅಳಿಸುತ್ತಿದ್ದಳು, ತಿರುಮಲ ದಿನಾ ಅದನ್ನು ಮರಳಿ ತಂದು ಕೂರಿಸುತ್ತಿದ್ದ. ಕಾರಣ: ‘ಮೂಲವಿರುವ ಮಾಹಿತಿಯನ್ನು ಸುಮ್ಮನೆ ತೆಗೆಯುವಂತಿಲ್ಲ.’ ಬರೆದಾದ ಮೇಲೆ, ಆ ಮದ್ರಾಸ್ ಪ್ರತಿನಿಧಿ ಯಾರೆಂದು ಇಡೀ ಭೂಮಿಯ ಮೇಲೆ ತನ್ನೊಬ್ಬನಿಗೇ ಗೊತ್ತು ಎಂಬುದು ನೆನಪಾಗುತ್ತಿತ್ತು. ಅದು ಅವನೇ. ಆ ವರದಿ ಬರೆದದ್ದು ಅವನೇ. ಆ ಸಂಜೆ ಅವನು ಕ್ರೀಡಾಂಗಣದಲ್ಲಿ ಇರಲಿಲ್ಲ.

“ಏನ್ರೀ, ಈ ಸುಡೋ ವೆಯಿಲ್‌ನಲ್ಲಿ ಎಲ್ಲಿಗೆ?” ಎಂದಳು ಹೆಂಡತಿ ಜಯಲಕ್ಷ್ಮೀ, ಅವನು ಹೆಗಲಿಗೆ ಚೀಲ ಹಾಕಿಕೊಂಡಾಗ. ಹತ್ತೂವರೆಯಾಗಿತ್ತು. ಅವಳ ಕೈಯಲ್ಲಿ ಹುಣಸೆಹಣ್ಣಿನ ರಸ ಅಂಟಿತ್ತು.

“ಬೆಸೆಂಟ್ ನಗರಕ್ಕೆ. ಒಬ್ಬರನ್ನ ನೋಡಬೇಕು.”

“ಯಾರು?”

“ಒಬ್ಬ ಓಟಗಾರ್ತಿ. ಹಳೇ ಕಾಲದವರು.”

“ಶೆರಿ. ಅವರು ಓಡಿಹೋಗೋದರೊಳಗೆ ಹೋಗಿ ಸೇರ್ಕೊಳ್ಳಿ,” ಎಂದು ನಕ್ಕು ಒಳಗೆ ಹೋದಳು. ಆ ನಗು ಅವನ ಜೊತೆ ಲಿಫ್ಟಿನಲ್ಲಿ ಇಳಿದು, ಮೆಟ್ರೋ ನಿಲ್ದಾಣದ ತಣ್ಣನೆಯ ನೆಲದವರೆಗೂ ಬಂದು, ಅಲ್ಲಿ ಯಾವಾಗಲೋ ಬಿಟ್ಟುಹೋಯಿತು.

ರೈಲು ನೆಲದಡಿಯಲ್ಲಿ ಹೋಗುವಾಗ ಕಿಟಕಿಯ ಗಾಜಿನಲ್ಲಿ ತನ್ನ ಮುಖವೇ ಎದುರಿಗೆ ಕೂತಿತ್ತು. ಅರುವತ್ತೆರಡರ ಮುಖ. ಅದರ ಹಿಂದೆ ಕತ್ತಲು ಹರಿಯುತ್ತ ಇಪ್ಪತ್ತೇಳರ ಇನ್ನೊಂದು ಮುಖ ತೇಲಿ ಬಂತು, ಇಸ್ತ್ರಿಯ ಬಿಳೀ ಅಂಗಿ, ತೋಳಿನ ಕೆಳಗೆ ಬೆವರಿನ ನಕ್ಷೆ. ಆ ಓಟದ ದಿನವೇ ಮಧ್ಯಾಹ್ನ, ಮೌಂಟ್ ರೋಡಿನ ಒಂದು ಕಟ್ಟಡದ ಎರಡನೆಯ ಮಹಡಿ, ಇಂಗ್ಲಿಷ್ ಪತ್ರಿಕೆಯೊಂದರ ಕ್ರೀಡಾ ವಿಭಾಗದ ಕೆಲಸಕ್ಕೆ ಸಂದರ್ಶನ. ಎರಡು ಗಂಟೆಗೆ ಬರಹೇಳಿ ನಾಲ್ಕೂವರೆಗೆ ಒಳಗೆ ಕರೆದಿದ್ದರು. ಮೇಜಿನ ಆಚೆ ಮೂವರು. ಒಬ್ಬರು ಕೈಗಡಿಯಾರ ಬಿಚ್ಚಿ ಮುಂದಿಟ್ಟು, ನಿಮಗೆ ಇಷ್ಟವಾದ ಒಂದು ಓಟವನ್ನು ಎರಡು ನಿಮಿಷ ರೇಡಿಯೋದಲ್ಲಿ ಹೇಳುವಂತೆ ಹೇಳಿ ಎಂದರು. ಅವನು ಶುರುಮಾಡಿದ. ಚೆನ್ನಾಗಿಯೇ ಹೇಳುತ್ತಿದ್ದ. ನಾಲ್ಕನೆಯ ವಾಕ್ಯದಲ್ಲಿ ಎಡಗಡೆ ಕೂತಿದ್ದವರು ಅವನು ಉಚ್ಚರಿಸಿದ ಒಂದು ಇಂಗ್ಲಿಷ್ ಪದವನ್ನು ಮೆಲ್ಲಗೆ, ತಮಗೆ ತಾವೇ ಎಂಬಂತೆ, ಸರಿಯಾಗಿ ಉಚ್ಚರಿಸಿಕೊಂಡರು. ಅಷ್ಟೆ. ಬೇರೇನೂ ಆಗಲಿಲ್ಲ. ಮಧ್ಯದವರು ತಲೆಯಾಡಿಸಿ ಮುಂದುವರಿಸಿ ಎಂದರು. ಅವನು ಕೈಯನ್ನು ಹಣೆಗೆ ಒತ್ತಿಕೊಂಡು, ಕ್ಷಮಿಸಿ, ತುಂಬಾ ತಲೆನೋವು, ಆಗುತ್ತಿಲ್ಲ ಎಂದು ಎದ್ದುಬಿಟ್ಟ. ನೋವೇನೂ ಇರಲಿಲ್ಲ. ಅವರು ನೀರು ಕೊಟ್ಟರು. ಬಾಗಿಲಿನವರೆಗೂ ಬಂದು, ಇನ್ನೊಂದು ದಿನ ಬೇಕಾದರೆ ಬನ್ನಿ ಎಂದರು. ಅವರ ಆ ಒಳ್ಳೆಯತನವನ್ನು ಇವತ್ತಿಗೂ ಅವನು ಕ್ಷಮಿಸಿರಲಿಲ್ಲ.

ಆಲಂದೂರಿನಲ್ಲಿ ರೈಲು ಬದಲಿಸಿದ. ಗಿಂಡಿಯಲ್ಲಿ ಇಳಿದಾಗ ಬಿಸಿಲು ಬಿಳಿ ಬಟ್ಟೆಯಂತೆ ಕಣ್ಣಿಗೆ ಬಿತ್ತು. ಕಾರ್ಖಾನೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡವರೆಲ್ಲ ಯಾವುದೋ ಕೂಟಕ್ಕೆ ಬಂದ ಸ್ಪರ್ಧಿಗಳಂತೆ ಕಂಡರು. ಆವತ್ತು ಸಂಜೆ ಹೀಗೇ ಜನರ ಮಧ್ಯೆ ಎಲ್ಲೆಲ್ಲೋ ನಡೆದಿದ್ದ. ಕ್ರೀಡಾಂಗಣಕ್ಕೆ ಹೋಗಬೇಕಾದ ಹೊತ್ತು ಮುಗಿದೇ ಹೋಗಿತ್ತು. ಕತ್ತಲಾಗುವಾಗ ಒಂದು ಔಷಧಿ ಅಂಗಡಿಯ ಟೆಲಿಫೋನಿನಿಂದ ಕೂಟದ ಕಚೇರಿಗೆ ಫೋನು ಮಾಡಿ ಫಲಿತಾಂಶ ಬರೆದುಕೊಂಡ. ಓದಿ ಹೇಳುತ್ತಿದ್ದ ಗುಮಾಸ್ತ ಮಹಿಳೆಯರ ಎಂಟುನೂರಕ್ಕೆ ಬಂದಾಗ, “ಕರ್ನಾಟಕದ ಉಮಾಮಹೇಶ್ವರಿ ಮುಗಿಸಲಿಲ್ಲ. ಮುಂದೆ ಇದ್ದಳು, ತೊಡೆ ಹಿಡ್ಕೊಂಡು ಕೂತುಬಿಟ್ಟಳಂತೆ” ಎಂದ. ಅರ್ಧ ಗಂಟೆಯಲ್ಲಿ ವರದಿ ಸಿದ್ಧವಾಯಿತು. ಉಳಿದ ಓಟಗಳಿಗೆ ಒಂದೊಂದು ಸಾಲು. ಅವಳಿಗೆ ಮಾತ್ರ ಒಂದು ಇಡೀ ಪ್ಯಾರಾ. ಕೊನೆಯ ತಿರುವಿನಲ್ಲಿ ಹಿಂದಿನ ಹೆಜ್ಜೆಗಳ ಸದ್ದು ಕೇಳಿ ಅವಳ ಮುಖ ಬಿಳಿಚಿದ್ದನ್ನು, ಗೆಲುವು ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದಾಗ ಕೈ ಮೆಲ್ಲಗೆ ತೊಡೆಯ ಕಡೆ ಇಳಿದದ್ದನ್ನು, ಆ ನೋವು ನಟನೆಯೆಂಬುದು ನೋಡಿದವರಿಗೆಲ್ಲ ತಿಳಿಯುವಂತಿದ್ದುದನ್ನು ಅವನು ಬರೆದ. ಎಷ್ಟು ಸರಾಗವಾಗಿ ಬಂತು ಅದು! ಬರೆದಾಗ ಎದೆ ಹಗುರಾಗಿತ್ತು. ಬೆಂಗಳೂರಿಗೆ ಟ್ರಂಕ್ ಕಾಲ್ ಸಿಕ್ಕಿದಾಗ ಆ ಪ್ಯಾರಾವನ್ನು ಅವನು ನಿಧಾನವಾಗಿ, ಒಂದೂ ಅಕ್ಷರ ತಪ್ಪದಂತೆ ಓದಿ ಬರೆಸಿದ್ದ.

ಬೆಸೆಂಟ್ ನಗರದ ಆ ಬೀದಿಯಲ್ಲಿ ಸಮುದ್ರ ಕಾಣುತ್ತಿರಲಿಲ್ಲ. ಆದರೆ ಅದು ಹತ್ತಿರದಲ್ಲೇ ಮಲಗಿ ಉಸಿರಾಡುತ್ತಿರುವುದು ಚರ್ಮಕ್ಕೆ ತಿಳಿಯುತ್ತಿತ್ತು. ಮೂರನೇ ಮಹಡಿ ಹತ್ತುವಾಗ, ಬಾಗಿಲು ತೆರೆದವರಿಗೆ ಏನು ಹೇಳಬೇಕೆಂದು ಯೋಚಿಸಿ ಇಟ್ಟುಕೊಂಡಿದ್ದ ವಾಕ್ಯಗಳು ಒಂದೊಂದೇ ಮೆಟ್ಟಿಲಲ್ಲಿ ಉದುರಿದವು. ಬಾಗಿಲು ತೆರೆದದ್ದು ಮೂವತ್ತರ ಆಸುಪಾಸಿನ ಹೆಂಗಸು, ಕಿವಿಯಲ್ಲಿ ಹೆಡ್‌ಫೋನು.

“ನೀಂಗ?”

“ನಾನು... ಆ ವಿಶ್ವಕೋಶದಿಂದ. ದಾರಿಹೋಕ.”

ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಎಷ್ಟು ಬಾಲಿಶವಾಗಿ ಕೇಳಿಸಿತೆಂದರೆ ಕಿವಿ ಬಿಸಿಯಾಯಿತು. ಅವಳು ಅವನ ಚೀಲವನ್ನೂ ಬಿಳೀ ಗಡ್ಡವನ್ನೂ ನೋಡಿ, ಬೈಯಲು ತಯಾರಾಗಿದ್ದ ಮುಖವನ್ನು ಏನು ಮಾಡುವುದೆಂದು ತಿಳಿಯದೆ, “ಅಯ್ಯೋ, ನಾನು ಯಾರೋ ಸಣ್ಣ ಪಯ್ಯನ್, ಕಾಲೇಜ್ ಹುಡುಗ ಅಂದ್ಕೊಂಡಿದ್ದೆ. ಒಳಗೆ ವಾಂಗ ಅಂಕಲ್” ಎಂದಳು. ಆ ಮರ್ಯಾದೆಯೂ ಒಂದು ಪೆಟ್ಟಿನಂತೆಯೇ ಇತ್ತು.

ಕೂತ ಮೇಲೆ ಅವಳ ಸಿಟ್ಟು ತನ್ನ ದಾರಿ ಹಿಡಿಯಿತು. ಅಮ್ಮ ತನಗೆ ಅಕ್ಷರ ಕಲಿಸಿದ್ದು ಮನೆಯಲ್ಲೇ ಅಂತೆ, ಶಾಲೆಯಲ್ಲೆಲ್ಲ ತಮಿಳು. ಆ ಒಂದು ವಾಕ್ಯ ಓದಲು ತನಗೆ ಹತ್ತು ನಿಮಿಷ ಹಿಡಿಯಿತಂತೆ. “ಆ ರಿಪೋರ್ಟ್ ಬರೆದವನಿಗೆ ಪೇರ್ ಕೂಡ ಇಲ್ಲ ಅಂಕಲ್. ಪೇರ್ ಇಲ್ಲದವನು ನಮ್ಮಮ್ಮನ ಮೇಲೆ ಏನು ಬೇಕಾದ್ರೂ ಬರೀಬಹುದಾ? ಅವಳಿಗೆ ಮಸಲ್ ಹರಿದುಹೋಗಿತ್ತು. ತಾತ ಮೂರು ವಾರ ಎಣ್ಣೆ ಹಚ್ಚಿದ್ರು. ಆಮೇಲೆ ಅವಳು ಓಡಲೇ ಇಲ್ಲ.”

“ಹೆಸರಿಲ್ಲದಿದ್ದರೂ ಪತ್ರಿಕೆಗೆ ಒಂದು ಹೊಣೆ ಇರುತ್ತಲ್ಲಮ್ಮ,” ಎಂದ ತಿರುಮಲ. ಬೇರೆ ಯಾರದೋ ಕರಡನ್ನು ಗಟ್ಟಿಯಾಗಿ ಓದುತ್ತಿರುವಂತೆ ತನ್ನ ದನಿ ತನಗೇ ಕೇಳಿಸಿತು.

“ಹೊಣೆ ಅಂದ್ರೆ?”

ಅವನು ತಡಕಾಡಿದ. “ಪೊರುಪ್ಪು.”

“ಯಾರೋಡ ಪೊರುಪ್ಪು?”

ಯಾರ ಹೊಣೆ ಎಂದು ಅವಳು ಕೇಳಿದ್ದಳು, ತೀರಾ ಸಹಜವಾಗಿ, ಅಂಗಡಿಯಲ್ಲಿ ಇದು ಯಾರ ಕೊಡೆ ಎಂದು ಕೇಳುವಂತೆ. ಉತ್ತರ ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಒಳಕೋಣೆಯ ಪರದೆ ಸರಿಯಿತು, ಎತ್ತರದ, ತಲೆಯೆಲ್ಲ ನರೆತ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದರು. ಹಣೆಯ ಮೇಲೆ ವಿಭೂತಿಯ ತೆಳುವಾದ ಗೆರೆ. ಮೂವತ್ತೈದು ವರ್ಷಗಳಿಂದ ಅವನ ತಲೆಯಲ್ಲಿ ಕೊನೆಯ ತಿರುವಿನಲ್ಲೇ ನಿಂತಿದ್ದ ಮುಖವಿಲ್ಲದ ಹುಡುಗಿ ಹೀಗೆ ಚಪ್ಪಲಿ ಎಳೆಯುತ್ತ ನಡೆದುಬಂದದ್ದು ನಿದ್ದೆಯಲ್ಲಿ ಕಂಡಷ್ಟೇ ದೂರವಾಗಿತ್ತು.

“ಬರ್ರಿ, ಬರ್ರಿ. ಬಿಸಿಲಾಗ ಬಂದೀರಿ. ಕುಂತ್ಕಳ್ರಿ, ಎದ್ದೇಳಬ್ಯಾಡ್ರಿ,” ಎಂದರು ಉಮಾಮಹೇಶ್ವರಿ. ಮಗಳ ಕಡೆ ತಿರುಗಿ, “ನಿಂದು ಆಫೀಸಿನ ಫೋನು ಐತಿ ಅಂದಿದ್ದೆಲ್ಲ?”

“ಆಮಾ, ಮೀಟಿಂಗ್ ಇರುಕ್ಕು. ಇಪ್ಪತ್ತು ನಿಮಿಷ. ಅಂಕಲ್, ಹೋಗಬೇಡಿ. ನಾನು ಮುಗಿಸಲಿಲ್ಲ,” ಎಂದು ಬಿಂದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲಿನಾಚೆ ಅವಳ ಇಂಗ್ಲಿಷ್ ದನಿ ಶುರುವಾಯಿತು.

ಉಮಾಮಹೇಶ್ವರಿ ಎದುರಿನ ಕುರ್ಚಿಯಲ್ಲಿ ಕೂತರು. ಆಮೇಲೆ ದನಿ ತಗ್ಗಿಸಿ, “ಅಕಿ ಅಳಸ್ತಾಳಂತ ನನಗ ಮೊನ್ನೆ ಗೊತ್ತಾತು ನೋಡ್ರಿ. ನಾನು ದಿನಾ ಫೋನಿನ್ಯಾಗ ತೆಗೆದು ನೋಡ್ತೀನಿ. ಒಂದಿನ ಆ ಸಾಲು ಇರತಿತ್ತು, ಒಂದಿನ ಇರತಿರಲಿಲ್ಲ. ಇಲ್ಲದ ದಿನ ಏನೋ ಕಳಕಂಡಂಗ ಆಗತಿತ್ತು” ಎಂದರು.

ಅವನಿಗೆ ಅರ್ಥವಾಗಲಿಲ್ಲ. “ಅದು... ಇರಲಿ ಅಂತೀರಾ?”

“ಅದು ಖರೆ ಐತಲ್ರಿ.”

ಮೇಲೆ ಫ್ಯಾನು ತಿರುಗುತ್ತಿತ್ತು. ಎಲ್ಲೋ ಕುಕ್ಕರ್ ಕೂಗಿತು. ತಿರುಮಲನಿಗೆ ತಾನು ಕೂತ ಕುರ್ಚಿ ನೆಲದಿಂದ ಒಂದು ಗೇಣು ಎದ್ದು ನಿಂತಿದೆ ಅನ್ನಿಸಿತು. ಖರೆ ಎಂದರೆ ನಿಜ ಎಂದೇ ತಾನೆ? ಅವರ ಕಡೆಯಲ್ಲಿ ಬೇರೆ ಅರ್ಥವಿದೆಯೇ? ಏನೂ ಯೋಚಿಸದೆ, ಬೀಳುವವನು ಕೈ ಚಾಚುವಂತೆ, “ಅದನ್ನು ಬರೆದವನು ನಾನೇ,” ಎಂದ. “ಆ ಮದ್ರಾಸ್ ಪ್ರತಿನಿಧಿ ನಾನು.”

ಬೈಗುಳ ಬರುತ್ತದೆಂದು ಕಾದ. ಉಮಾಮಹೇಶ್ವರಿಯ ಮುಖ ಬಿರಿಯಿತು. ಅವರು ಕುರ್ಚಿಯ ಅಂಚಿಗೆ ಸರಿದರು. “ನೀವಾ? ಅಯ್ಯ ಶಿವನೇ. ನೀವೇನ್ರಿ ಅವರು?” ಎಂದು ಎದ್ದು ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಹುರಿದ ಶೇಂಗಾ, ಒಂದು ತುಂಡು ಬೆಲ್ಲ, ಒಂದು ಲೋಟ ನೀರು ತಂದು ಅವನ ಮುಂದಿಟ್ಟು, ಎಷ್ಟೋ ವರ್ಷ ಕಾದಿದ್ದ ಬೀಗರನ್ನು ನೋಡುವಂತೆ ನೋಡಿದರು. “ತಿನ್ರಿ. ನಿಮ್ಮ ಮುಂದ ಹೇಳಾಕ ನನಗ ನಾಚಿಕಿ ಇಲ್ಲ. ಯಾಕಂದ್ರ ನಿಮಗ ಗೊತ್ತೈತಿ. ಆರುನೂರು ಮೀಟರ್ ಮಟ ನಾನೇ ಮುಂದಿದ್ದೆ. ಕಾಲು ಅಷ್ಟು ಹಗುರ ಯಾವತ್ತೂ ಆಗಿರಲಿಲ್ಲ. ತಿರುವಿಗೆ ಬಂದಾಗ ಒಮ್ಮೆಲೇ ಎಲ್ಲ ಸದ್ದು ನಿಂತುಹೋತು. ಅಪ್ಪ ಕೊಟ್ಟೂರಿನಿಂದ ಬಂದಿದ್ದ, ತಂತಿ ಹತ್ರ ನಿಂತು ಕೂಗತಿದ್ದ. ಬಾಯಿ ಅಲ್ಲಾಡೋದು ಕಾಣತಿತ್ತು, ದನಿ ಇಲ್ಲ. ಕೋಚು, ಕೂಡ ಇದ್ದ ಹುಡುಗ್ಯಾರು, ಎಲ್ಲಾರ ಬಾಯೂ ಹಂಗ. ಆಗ ಅನ್ನಿಸ್ತು, ಇದನ್ನ ಗೆದ್ದರ ಮುಂದಿಂದು ಓಡಬೇಕು, ಅದನ್ನ ಗೆದ್ದರ ಅದರ ಮುಂದಿಂದು. ಓಡ್ತೀಯೇನವ್ವಾ ಅಂತ ಒಬ್ರೂ ಒಂದಿನಾನೂ ಕೇಳಿರಲಿಲ್ಲ. ಹದಿಮೂರು ವರ್ಷದಾಕಿ ಎಮ್ಮಿ ಹಿಂದ ಓಡೋದು ನೋಡಿ ಹಿಡಕಂಡು ಬಂದಿದ್ರು. ನಿಂತರ ಏನಾಗತೈತಿ ನೋಡಾಣ ಅನ್ನಿಸ್ತು. ನಿಂತೆ.”

ಅವರು ಶೇಂಗಾದ ಒಂದು ಕಾಳನ್ನು ಕೈಗೆತ್ತಿಕೊಂಡು ಸಿಪ್ಪೆ ತಿಕ್ಕಿ ತೆಗೆದು ಮತ್ತೆ ತಟ್ಟೆಯಲ್ಲೇ ಇಟ್ಟರು.

“ನಿಂತ ಮ್ಯಾಲೆ ಅಂಜಿಕಿ ಬಂತು. ಸುಮ್ಮನ ನಿಂತೆ ಅಂತ ಯಾರಿಗೆ ಹೇಳೋದ್ರಿ? ಹಂಗ ಹೇಳಾಕ ಒಂದು ಮಾತಾದ್ರೂ ಇತ್ತೇನು ಆವಾಗ? ತೊಡಿ ಹಿಡಕಂಡು ಕುಂತುಬಿಟ್ಟೆ. ಎಲ್ಲಾರೂ ನಂಬಿದ್ರು. ಡಾಕ್ಟ್ರು ಸೈತ ಒತ್ತಿ ನೋಡಿ ಪಟ್ಟಿ ಕಟ್ಟಿದ್ರು. ಅಪ್ಪ ಮೂರು ವಾರ ಎಣ್ಣಿ ಕಾಸಿ ಕಾಸಿ ತಿಕ್ಕಿದ. ಏನೂ ಆಗದ ಕಾಲು ಅದು. ತಿಕ್ಕಿಕೊಂತ ಅಳತಿದ್ದ. ನಾನೂ ಅಳತಿದ್ದೆ, ನೋವಿಗೆ ಅಂತ ಅವನು ತಿಳಕಂಡ. ನಾಕು ದಿನಕ್ಕ ನಿಮ್ಮ ಪೇಪರ್ ಊರಿಗೆ ಬಂತು. ಅಪ್ಪ ಓದಿ, ಬರದವನ ಕೈ ಸೇದಿಹೋಗಲಿ ಅಂತ ಬೈದು ಒಲಿಗೆ ಹಾಕಿದ. ನನಗ ಮಾತ್ರ,” ಎಂದು ನಿಲ್ಲಿಸಿ, ಬಿಂದುವಿನ ಬಾಗಿಲಿನ ಕಡೆ ಒಮ್ಮೆ ನೋಡಿ, “ಒಬ್ಬರಿಗಾದ್ರೂ ಗೊತ್ತೈತಲ್ಲ ಅನ್ನಿಸ್ತು. ಅಲ್ಲಿ ಅಂಕಿ ತೋರಿಸೋ ದೊಡ್ಡ ಹಲಗಿ ಇತ್ತಲ್ಲ, ಅದರ ಕೆಳಗ ಬಿಳಿ ಅಂಗಿ ಹಾಕ್ಕಂಡು ಒಬ್ರು ಬರಕೊಂತ ಕುಂತಿದ್ರು. ನಾನು ಕುಂತಾಗ ನನ್ನ ಕಣ್ಣಿಗೆ ಬಿದ್ದವರು ಅವರೇ. ಅವರು ನೀವು, ಹೌದಲ್ರಿ?”

ಆವತ್ತು ಅವನು ಬಿಳೀ ಅಂಗಿ ಹಾಕಿದ್ದು ನಿಜವಾಗಿತ್ತು. ಹೌದು ಎನ್ನಲು ಎರಡೇ ಅಕ್ಷರ ಸಾಕಿತ್ತು. ಅಂದುಬಿಟ್ಟರೆ ಈ ಹೆಂಗಸು ಸಂತೋಷವಾಗಿ ಉಳಿಯುತ್ತಾರೆ, ವಾಕ್ಯ ಉಳಿಯುತ್ತದೆ, ಮೂಲ ಉಳಿಯುತ್ತದೆ. ಬರೆದದ್ದು ನಿಜವೇ ಆಗಿರುವಾಗ ನೋಡಿ ಬರೆದರೇನು, ನೋಡದೆ ಬರೆದರೇನು? ಅವನು ಕಣ್ಣು ಮುಚ್ಚಿದ. ಬಿಳೀ ಅಂಗಿಯವನು ಹಲಗೆಯ ಕೆಳಗೆ ಕೂತು ತಲೆಯೆತ್ತಿದ, ಅವನಿಗೆ ತನ್ನದೇ ಮುಖವಿತ್ತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಹುಲ್ಲಿನ ವಾಸನೆ, ಸುಣ್ಣದ ವಾಸನೆ, ಅವಳ ಉಸಿರು ಎಲ್ಲ ನೆನಪಾಗಿಬಿಡುತ್ತಿದ್ದವು. ಎಲ್ಲದಕ್ಕೂ ಸಾಕ್ಷಿಯಾಗಿಬಿಡುತ್ತಿದ್ದ. ತಟ್ಟೆಯ ಬೆಲ್ಲಕ್ಕೆ ಒಂದು ಇರುವೆ ಹತ್ತಿತ್ತು. ಅದನ್ನೇ ನೋಡುತ್ತ, “ನಾನು ಅಲ್ಲಿರಲಿಲ್ಲ,” ಎಂದ.

“ಅಂದ್ರ?”

“ಆ ಸಂಜೆ ಕ್ರೀಡಾಂಗಣಕ್ಕೆ ನಾನು ಬರಲೇ ಇಲ್ಲ. ಫೋನಿನಲ್ಲಿ ಫಲಿತಾಂಶ ಕೇಳಿ ಬರೆದೆ. ನೀವು ತೊಡೆ ಹಿಡಿದು ಕೂತಿರಿ ಅಂತ ಅಷ್ಟೇ ಹೇಳಿದರು.”

ಕೋಣೆಯೊಳಗಿಂದ ಬಿಂದು ನಗುವುದು ಕೇಳಿಸಿತು, ಆಫೀಸಿನ ನಗು. “ಮೂವತ್ತೈದು ವರ್ಷ ಆ ಬಿಳಿ ಅಂಗಿಯವರ ಜೋಡಿ ಒಳಗೊಳಗ ಮಾತಾಡೀನ್ರಿ ನಾನು,” ಎಂದರು ಉಮಾಮಹೇಶ್ವರಿ. “ಗಂಡ ತೀರಿಕಂಡಾಗ ಮಾತಾಡೀನಿ. ಇಕಿ ಹುಟ್ಟಿದಾಗ ಮಾತಾಡೀನಿ. ಹಂಗಾದ್ರ ಯಾರೂ ನೋಡಿಲ್ಲ?”

“ಇಲ್ಲ.”

“ಮತ್ತ ನಿಮಗ ಹೆಂಗ ಗೊತ್ತಾತು?”

“ಗೊತ್ತಿರಲಿಲ್ಲ.” ಅವನು ಸಂದರ್ಶನದ ವಿಷಯ ಹೇಳಿದ. ಗಡಿಯಾರ, ಎಡಗಡೆಯವರು, ಹಣೆಗೆ ಒತ್ತಿದ ಕೈ. ಹೆಂಡತಿಗೆ ಕೂಡ ಹೇಳಿರಲಿಲ್ಲ. ಅವಳು ಇವತ್ತಿಗೂ ಪತ್ರಿಕೆಯವರೇ ಬೇಡವೆಂದರು ಎಂದು ತಿಳಿದಿದ್ದಳು. ಹೇಳುತ್ತ ಹೋದಂತೆ ಅದು ಎಷ್ಟು ಸಣ್ಣ ವಿಷಯವೆಂದು ಅವನಿಗೇ ನಾಚಿಕೆಯಾಯಿತು. “ನಾನು ನಟಿಸಿದ್ದನ್ನು ನೀವು ನಟಿಸಿದಿರಿ ಅಂತ ಬರೆದೆ. ಯಾರ ಮೇಲಾದರೂ ಬರೆಯಬೇಕಿತ್ತು. ಆ ಹೊತ್ತಿಗೆ ನಿಮ್ಮ ಹೆಸರು ಸಿಕ್ಕಿತು.”

“ಅಂದ್ರ ಅದು ನಿಮ್ಮ ಸುದ್ದಿ.”

“ಹೌದು.”

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಅವರ ಬೆನ್ನು ಅವನ ಕಡೆಗಿತ್ತು. ಅಳುತ್ತಿದ್ದಾರೋ ಎಂದು ಅವನಿಗೆ ಹೆದರಿಕೆಯಾಯಿತು. ತಿರುಗಿದಾಗ ಮುಖ ಗಟ್ಟಿಯಾಗಿತ್ತು, ಇಷ್ಟು ಹೊತ್ತು ಇಲ್ಲದ ಒಂದು ಎತ್ತರ ಬಂದಿತ್ತು. “ತಗೀರಿ ಅದನ್ನ,” ಎಂದರು. “ಈಗ್ಲೇ, ನನ್ನ ಮುಂದ ತಗೀರಿ. ಖರೆ ಇದ್ರೂ ತಗೀರಿ. ನನ್ನ ಖರೆ ನಿಮ್ಮ ಸುಳ್ಳಿನ ಮನಿಯಾಗ ಬಾಡಿಗಿ ಇರೋದು ಬ್ಯಾಡ.”

ಬಿಂದುವಿನ ಸಭೆ ಮುಗಿದಿತ್ತು. ಅವಳ ಲ್ಯಾಪ್‌ಟಾಪಿನಲ್ಲಿ ಅವನು ಪುಟ ತೆರೆದ. ಒಂಬತ್ತನೆಯ ವಾಕ್ಯ ಅಳಿಸಲು ಒಂದು ಕ್ಷಣವೂ ಹಿಡಿಯಲಿಲ್ಲ. ಕಾರಣ ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಚರ್ಚೆಯ ಪುಟದಲ್ಲಿ ಬರೆದ: ಈ ವರದಿಯನ್ನು ಬರೆದವನು ನಾನು. ಓಟವನ್ನು ನಾನು ನೋಡಿರಲಿಲ್ಲ. ನೆಪ, ನಟನೆ ಎಂಬ ಮಾತುಗಳು ನನ್ನ ಕಲ್ಪನೆ. ಇಷ್ಟು ಕಾಲ ಈ ಪುಟವನ್ನು ನಾನು ಕಾಯಬಾರದಿತ್ತು. ಕೆಳಗೆ ತನ್ನ ನಿಜವಾದ ಹೆಸರು ಹಾಕಿದ. ಅಷ್ಟು ಹೊತ್ತೂ ತನ್ನ ಫೋನು ನೋಡುತ್ತಿದ್ದ ಬಿಂದು ಆಗ ಪಕ್ಕಕ್ಕೆ ಬಂದು ಕೂತು, ವಾಕ್ಯ ಮಾಯವಾದದ್ದನ್ನಷ್ಟೇ ನೋಡಿ ಚಪ್ಪಾಳೆ ತಟ್ಟುವಂತೆ ಕೈ ಎತ್ತಿದ್ದಳು. ಅಷ್ಟರಲ್ಲಿ ಪರದೆಯ ಮೇಲೆ ಉತ್ತರ ಬಂತು, ಸುಬ್ರಾಯ ಎನ್ನುವವರಿಂದ, ಎಂದೂ ಮುಖ ನೋಡದ, ಎಷ್ಟೋ ಸಲ ತನ್ನನ್ನು ಹೊಗಳಿದ್ದ ಸಹ ಸಂಪಾದಕ. ಬಿಂದು ಅದನ್ನು ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು. “ತೆ-ಗೆ-ದದ್ದು ಸರಿ. ಬದುಕಿರುವವರ ಮನಸ್ಸಿನ ಒಳಗನ್ನು ಹೆಸರಿಲ್ಲದ ಒಂದೇ ವರ-ದಿ-ಯಿಂದ ಬರೆಯಬಾರದು ಎಂಬ ನಿ-ಯಮ ನಿಮಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ನೀವು ಅದನ್ನು ಬರೆದವರಲ್ಲದಿದ್ದರೂ ಇದು ಎಂದೋ ಹೋಗಬೇಕಿತ್ತು. ಇಷ್ಟು ದಿನ ಯಾಕೆ ಉಳಿಸಿಕೊಂಡಿರಿ?” ಅವಳ ನಿಧಾನ ಎಷ್ಟು ದೀರ್ಘವಾಗಿತ್ತೆಂದರೆ ಒಂದೊಂದು ಪದವೂ ಅವನ ಮುಂದೆ ಬಂದು ನಿಂತು, ಪೂರ್ತಿ ನೋಡಿಸಿಕೊಂಡು, ಆಮೇಲೆ ಮುಂದೆ ಹೋಗುತ್ತಿತ್ತು. ನಿಯಮ ಅವನಿಗೆ ಗೊತ್ತಿತ್ತು. ಬೇರೆ ನೂರು ಪುಟಗಳಲ್ಲಿ ಇಂಥ ವಾಕ್ಯಗಳನ್ನು ಅವನೇ ಕಿತ್ತುಹಾಕಿದ್ದ. ಇದೊಂದನ್ನು ಮಾತ್ರ ಕೀಳಲಾಗಿರಲಿಲ್ಲ, ಯಾಕೆಂದರೆ ಜೀವಮಾನದಲ್ಲಿ ತಾನು ಬರೆದ ವಾಕ್ಯಗಳಲ್ಲಿ ಅಚ್ಚಾಗಿ ಉಳಿದದ್ದು ಅದೊಂದೇ.

ಓದಿ ಮುಗಿಸಿದ ಮೇಲೆ ಬಿಂದುವಿಗೆ ಅರ್ಥ ತಲುಪಿತು. ಅವಳು ಮೆಲ್ಲಗೆ ಎದ್ದಳು. “ನೀಂಗಳಾ? ಬರೆದದ್ದು ನೀವಾ? ಬರೆದು, ತಿರುಗಿ ನೀವೇ ಕಾವಲು ಕೂತ್ರಾ?” ಅವಳ ದನಿ ಏರಿತು. “ನಮ್ಮಮ್ಮ ಓಟ ಬಿಟ್ಟಳು ಅಂಕಲ್. ಅವಳ ಲೈಫ್ ಹೋಯ್ತು. ನೀವು ಇಲ್ಲಿ ಕೂತು ನಮ್ಮ ಮನೆ ನೀರು ಕುಡೀತಿದೀರಾ?”

ತಿರುಮಲ ಲೋಟವನ್ನು ಮೇಜಿನ ಮೇಲಿಟ್ಟ. ಅವಳು ಹೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

“ಬಿಂದು, ಕುಂತ್ಕ,” ಎಂದರು ಉಮಾಮಹೇಶ್ವರಿ.

“ನೀ ಸುಮ್ಮನಿರು ಮಾ.”

“ಸುಮ್ಮನಿದ್ದದ್ದು ಸಾಕಾಗೇತಿ. ಕುಂತ್ಕ. ನನ್ನ ಕಾಲಿಗೆ ಏನೂ ಆಗಿರಲಿಲ್ಲ. ಓಟ ಯಾರೂ ಬಿಡಿಸಲಿಲ್ಲ. ನಾನೇ ನಿಂತೆ.”

ಬಿಂದು ಅಮ್ಮನನ್ನು ನೋಡಿದಳು. ಅವಳ ಕಣ್ಣಲ್ಲಿ ಮೊದಲು ಬಂದದ್ದು ನಂಬಿಕೆಯಲ್ಲ, ಕನಿಕರ. ಮನೆಗೆ ಬಂದ ಮುದುಕನ ಮಾನ ಉಳಿಸಲು ಅಮ್ಮ ಏನೋ ಹೇಳುತ್ತಿದ್ದಾಳೆ ಎಂಬಂಥ ಕನಿಕರ. ಆಮೇಲೆ ಅದು ಅಲ್ಲಾಡಿತು. ಅವಳು ತಿರುಮಲನ ಕಡೆ ತಿರುಗಿದಳು, ಸಿಟ್ಟು ಎಲ್ಲಿಟ್ಟಳೋ ಅವಳಿಗೇ ತಿಳಿಯದಂತೆ. “ಅಂಕಲ್, ಇದು ನಿಜವಾ? ಅಮ್ಮ ನಿಮಗೋಸ್ಕರ ಹೇಳ್ತಿದಾಳಾ?”

ಇಬ್ಬರೂ ಅವನನ್ನು ನೋಡುತ್ತಿದ್ದರು. ಮೂಲ ಕೇಳಿ ಕೇಳಿ ಆರು ವರ್ಷ ಕಳೆದವನನ್ನು ಈಗ ಯಾರೋ ಮೂಲವಾಗು ಎಂದು ಕೇಳುತ್ತಿದ್ದರು. ಹೌದು ನಿಜ ಎಂದುಬಿಡಬಹುದಿತ್ತು. ಅದು ನಿಜವೂ ಆಗಿತ್ತು. “ನಾನು ಅಲ್ಲಿರಲಿಲ್ಲಮ್ಮ,” ಎಂದ. “ಅವರಿದ್ದರು. ಅವರನ್ನೇ ಕೇಳಬೇಕು.”

ಅವನು ಚೀಲ ತೆಗೆದುಕೊಂಡು ಎದ್ದ. ಉಮಾಮಹೇಶ್ವರಿ ಅವನ ಕಡೆ ನೋಡಲಿಲ್ಲ. ಮಗಳ ಪಕ್ಕದಲ್ಲಿ ಕೂತು ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಬಾಗಿಲು ಎಳೆದುಕೊಂಡರೂ ಪೂರ್ತಿ ಮುಚ್ಚಲಿಲ್ಲ, ಉಪ್ಪುಗಾಳಿಗೆ ಮರ ಉಬ್ಬಿತ್ತು. ಚಪ್ಪಲಿಗೆ ಕಾಲು ತೂರಿಸುವಾಗ ಒಳಗಿಂದ ಅವರ ದನಿ ಬಂತು, ಅವಸರವಿಲ್ಲದ, ತೀರ ಮೊದಲಿನಿಂದ ಶುರುಮಾಡುವವರ ದನಿ: “ಆವತ್ತು ಬೆಳಿಗ್ಗೆ ನಾನು ಏನೂ ತಿಂದಿರಲಿಲ್ಲ...” ಅವನ ಒಂದು ಕಾಲು ಗಾಳಿಯಲ್ಲೇ ನಿಂತಿತು. ಇಡೀ ಮೈ ಕಿವಿಯಾಯಿತು, ಮುಂದಿನ ಮಾತು ಏನಿರಬಹುದೆಂದು ಮನಸ್ಸು ಆಗಲೇ, ಆವತ್ತಿನ ವರದಿಯಂತೆ, ಜೋಡಿಸಿಕೊಳ್ಳತೊಡಗಿತ್ತು. ಅವನು ಗೋಡೆಯನ್ನು ಹಿಡಿದುಕೊಂಡು, ಎರಡನೆಯ ವಾಕ್ಯ ಕೇಳಿಸುವ ಮೊದಲೇ, ಬೇಗ ಬೇಗ ಮೆಟ್ಟಿಲಿಳಿಯತೊಡಗಿದ.